ಎರಡನೆಯ ಸಲ ಕೇಳಿದರೆ ಜನಮತ ಬದಲಾದೀತೆ?

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬುದು ನಮ್ಮ ಹಿರಿಯರಾಡಿದ ಮಾತು. ಹೊಲ ಮಾರಿ ಕಾಗದಕ್ಕೆ ರುಜು ಹಾಕಿದ ಮೇಲೆ, ಮಗಳನ್ನು ಧಾರೆಯೆರೆದು ಕೊಟ್ಟ ಮೇಲೆ, ಪಂಚರ ಸಮ್ಮುಖದಲ್ಲಿ ಆಸ್ತಿ ಹಂಚಿಕೊಂಡ ಮೇಲೆ ಹಿಂದಿರುಗಿ ನೋಡಬಾರದೆಂದು ಮನೆಮನೆಗಳಲ್ಲಿ ಬುದ್ಧಿ ಹೇಳುವವರಿದ್ದಾರೆ. ಒಂದು ಮನೆತನದ ಮಟ್ಟಿಗೆ ಈ ಮಾತಿನಲ್ಲಿ ಹಿತವಿದೆ. ಆದರೆ ಒಂದು ದೇಶದ ಪ್ರಜೆಗಳೆಲ್ಲರೂ ಕೂಡಿ ತೀರ್ಮಾನವೊಂದನ್ನು ಕೈಕೊಂಡು, ಕೆಲವು ವರ್ಷಗಳು ಕಳೆದ ತರುವಾಯ ಅದು ಸರಿಹೋಗಲಿಲ್ಲವೆಂದು ಬಹುಮಂದಿಗೆ ತೋರಿದರೆ ಏನು ಮಾಡತಕ್ಕದ್ದು? ಕೊಟ್ಟ ಮಾತೆಂದು ಅದಕ್ಕೇ ಕಟ್ಟುಬೀಳಬೇಕೆ? ಅಥವಾ ಇನ್ನೊಮ್ಮೆ ಜನರನ್ನು ಕೇಳಬೇಕೆ? ಕೇಳಿದರೆ ಜನರ ಮನಸ್ಸು ನಿಜವಾಗಿಯೂ ಬದಲಾಗಿರುವುದೆ? ಈ ತಿಂಗಳು ಇದನ್ನು ಕುರಿತು ಕೊಂಚ ವಿಚಾರಮಾಡೋಣವೆಂದು ನಾವು ಬಗೆದಿದ್ದೇವೆ.

ಈ ಪ್ರಶ್ನೆ ತೀವ್ರವಾಗಿ ಎದ್ದುನಿಂತದ್ದು ಬ್ರಿಟನ್ನಿನಲ್ಲಿ. 2016ರ ಜೂನ್ 23ರಂದು ಅಲ್ಲಿಯ ಮತದಾರರಿಗೆ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆ, ಹೊರಬರಬೇಕೆ ಎಂಬ ಪ್ರಶ್ನೆ ಹಾಕಲಾಯಿತು. ಹೊರಬರಬೇಕೆಂದವರು ಶೇಕಡಾ 51.9, ಉಳಿಯಬೇಕೆಂದವರು ಶೇಕಡಾ 48.1. ಒಂದು ಕಡೆ ಸುಮಾರು 1.74 ಕೋಟಿ, ಮತ್ತೊಂದು ಕಡೆ ಸುಮಾರು 1.61 ಕೋಟಿ ಮತಗಳು. ಅಂತರ 12 ಲಕ್ಷ 69 ಸಾವಿರ. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಬರಲು ಒಪ್ಪಿದರೆ, ಸ್ಕಾಟ್ಲೆಂಡ್ ಹಾಗೂ ಉತ್ತರ ಐರ್ಲೆಂಡ್ ಉಳಿಯಬೇಕೆಂದುವು. ಸ್ಥೂಲವಾಗಿ ನೋಡಿದರೆ ಎಳೆಯರಲ್ಲಿ ಬಹುಮಂದಿ ಉಳಿಯುವ ಪಕ್ಷಕ್ಕೂ, ವಯಸ್ಸಾದವರಲ್ಲಿ ಬಹುಮಂದಿ ಹೊರಬರುವ ಪಕ್ಷಕ್ಕೂ ಸೇರಿದರು. ತಂದೆಯೊಂದು ಕಡೆ, ಮಗನೊಂದು ಕಡೆಯಾಗಿ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತು ನಿಂತುಹೋಯಿತು.

ನಮ್ಮವರಿಗೆ ಸಂಬಂಧಿಸಿದ ಸಂಗತಿಯೊಂದು ಇಲ್ಲಿದೆ. ಬ್ರಿಟನ್ನಿನಲ್ಲಿ ನೆಲಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಈ ಮತದಾನದಲ್ಲಿ ಹಕ್ಕಿದ್ದಿತು. ಅಂದರೆ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡು ಅಲ್ಲಿ ದುಡಿಯುತ್ತಿದ್ದ ಕನ್ನಡಿಗನೂ ಮತ ಹಾಕಬಹುದಾಗಿತ್ತು. ಅವನ ನೆರೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಫ್ರಾನ್ಸ್ ಅಥವಾ ಜರ್ಮನಿಯ ಪ್ರಜೆಗೆ ಆ ಹಕ್ಕಿರಲಿಲ್ಲ. ಹದಿನಾರು, ಹದಿನೇಳು ವರ್ಷದವರಿಗೂ ಇರಲಿಲ್ಲ. ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ಕುರಿತ 2014ರ ಮತದಾನದಲ್ಲಿ ಅದೇ ವಯಸ್ಸಿನವರಿಗೆ ಹಕ್ಕು ಕೊಟ್ಟಿದ್ದರು. ಯಾರನ್ನು ಕೇಳಿದರೆಂಬುದರ ಮೇಲೆ ಏನು ಉತ್ತರ ಬಂದಿತೆಂಬುದು ನಿಂತಿರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ.

ವಾಸ್ತವವಾಗಿ 2016ರ ಮತದಾನವೇ ಬ್ರಿಟಿಷರ ಪಾಲಿಗೆ ಎರಡನೆಯದು. ಆ ದೇಶ ಅಂದಿನ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿದ್ದು 1973ರ ಜನವರಿ 1ರಂದು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಕಾಲದಲ್ಲಿ, 1975ರ ಜೂನ್ 5ರಂದು, ಅದರಲ್ಲಿ ಮುಂದುವರಿಯಬೇಕೆ ಎಂದು ಜನರನ್ನು ಕೇಳಿದಾಗ ಶೇಕಡಾ 67ರಷ್ಟು ಮಂದಿ ಹೌದೆಂದರು. ನಲವತ್ತೊಂದು ವರ್ಷಗಳ ಬಳಿಕ ಅದೇ ದೇಶ ತದ್ವಿರುದ್ಧವಾಗಿ ನುಡಿಯಿತು. 1975ರಲ್ಲಿ ಸೋತವರು ತಮ್ಮ ಪಟ್ಟನ್ನು ಬಿಡದೆ ಒಂದು ತಲೆಮಾರು ಕಾದು, ಮತ್ತೊಮ್ಮೆ ಕೇಳುವಂತೆ ಮಾಡಿದರು. ಇದು ಅವರ ಹಕ್ಕೇ ಸರಿ. ಹಾಗಿದ್ದಮೇಲೆ 2016ರಲ್ಲಿ ಸೋತವರೂ ಇನ್ನೊಮ್ಮೆ ಕೇಳಿರೆಂದರೆ ಅದನ್ನು ದ್ರೋಹವೆಂದು ಕರೆಯುವುದು ಹೇಗೆ?

ಸೋತವನಿಗೆ ಎರಡನೆಯ ಆಟ ಬೇಕು, ಗೆದ್ದವನಿಗೆ ಬೇಡ. ಇದು ಮನುಷ್ಯಸ್ವಭಾವ. ಹೊರಬರಬೇಕೆಂಬ ಪಕ್ಷದ ಮುಂದಾಳಾಗಿದ್ದ ನೈಜೆಲ್ ಫರಾಜ್ ಅವರು ಮತದಾನಕ್ಕೆ ಮುನ್ನ, 2016ರ ಮೇ ತಿಂಗಳಲ್ಲಿ, ತಮ್ಮ ಪಕ್ಷ 52ಕ್ಕೆ 48ರಂತೆ ಸೋತರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲವೆಂಬ ಅರ್ಥದಲ್ಲಿ ಮಾತನಾಡಿದ್ದರು. ಎರಡನೆಯ ಮತದಾನ ಕೋರಿ ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಯೊಂದನ್ನು ಫಲಿತಾಂಶಕ್ಕೆ ಮೊದಲೇ ಬರೆದಿಟ್ಟವರೂ ಹೊರಬರುವ ಪಕ್ಷದವರೇ. ಫಲಿತಾಂಶ ತಿರುಗುಮುರುಗಾಗಲು, ಅದೇ ಮನವಿಗೆ ಎದುರುಪಕ್ಷದ ನಲವತ್ತು ಲಕ್ಷಕ್ಕೂ ಮೀರಿದ ಜನ ಸಹಿ ಹಾಕಿದರು!

ಆ ಬಳಿಕ ನಡೆದುದನ್ನು ಸಂಕ್ಷೇಪವಾಗಿ ಹೇಳುವುದಾದರೆ ಇಷ್ಟು: ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದ ಥೆರೆಸಾ ಮೇ ಅವರು ತಂದ ಒಪ್ಪಂದವನ್ನು 2019ರ ಜನವರಿ 15ರಂದು ಕೆಳಮನೆ 432ಕ್ಕೆ 202 ಮತಗಳಿಂದ ತಳ್ಳಿಹಾಕಿತು. ಒಪ್ಪಂದವನ್ನು ಮತ್ತೆ ಜನರ ಮುಂದಿಡಬೇಕೆಂಬ ಸೂಚನೆ 2019ರ ಮಾರ್ಚ್ 27ರಂದು 268ಕ್ಕೆ 295ರಿಂದಲೂ, ಏಪ್ರಿಲ್ 1ರಂದು 280ಕ್ಕೆ 292ರಿಂದಲೂ ಬಿದ್ದುಹೋಯಿತು. ಎರಡನೆಯ ಸಲ ಅಂತರ ಕೇವಲ ಹನ್ನೆರಡು ಮತಗಳು. ಅದೇ ವರ್ಷ ಡಿಸೆಂಬರ್ 12ರ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಅವರ ಪಕ್ಷ 650ರಲ್ಲಿ 365 ಸ್ಥಾನ ಗಳಿಸಿತು. ಎರಡನೆಯ ಮತದಾನ ಬೇಕೆಂದ ಪಕ್ಷಗಳಿಗೂ ಒಕ್ಕೂಟದಲ್ಲೇ ಉಳಿಯಬೇಕೆಂದ ಪಕ್ಷಗಳಿಗೂ ಬಿದ್ದ ಮತಗಳನ್ನು ಕೂಡಿಸಿದರೆ ಅರ್ಧಕ್ಕೆ ತುಸು ಮೇಲಾಗುತ್ತಿತ್ತು. ಆದರೆ ಅವು ಹಂಚಿಹೋಗಿದ್ದುದರಿಂದ ಸ್ಥಾನಗಳಾಗಲಿಲ್ಲ. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು.

ಒಂದು ವೇಳೆ 2019ರಲ್ಲಿ ಜನರನ್ನು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತೆ? ಲೆಕ್ಕ ಹಾಕಿದರೆ, ಹೊರಬರಬೇಕೆಂದವರಲ್ಲಿ ಆರು ಲಕ್ಷ ಮೂವತ್ತೈದು ಸಾವಿರ ಮಂದಿ ಮನಸ್ಸು ಬದಲಿಸಿದ್ದರೆ ಸಾಕಾಗಿತ್ತು. ಮತ ಹಾಕಿದ ಐವತ್ತಮೂರು ಮಂದಿಯಲ್ಲಿ ಒಬ್ಬನೆಂದು ತಿಳಿಯಬಹುದು. ಇದು ಸುಲಭವೆಂದು ತೋರುತ್ತದೆ. ಆದರೆ ಆ ವರ್ಷಗಳ ಜನಾಭಿಪ್ರಾಯ ಸಮೀಕ್ಷೆಗಳು ತೋರಿಸಿದ ಸಂಗತಿ ವಿಚಿತ್ರವಾಗಿದೆ. ಒಮ್ಮೆ ಮತ ಹಾಕಿದವರಲ್ಲಿ ಅತ್ತ ಕಡೆಯವರಾಗಲಿ ಇತ್ತ ಕಡೆಯವರಾಗಲಿ ಹೆಚ್ಚಾಗಿ ಕದಲಲೇ ಇಲ್ಲ. ಉಳಿಯುವ ಪಕ್ಷಕ್ಕೆ ಸ್ವಲ್ಪ ಮುನ್ನಡೆ ದೊರೆತಿದ್ದುದು ಮುಖ್ಯವಾಗಿ 2016ರಲ್ಲಿ ಮತ ಹಾಕದೆ ಇದ್ದವರಿಂದ ಮತ್ತು ಆಮೇಲೆ ವಯಸ್ಸಿಗೆ ಬಂದವರಿಂದ. 2016ರಲ್ಲಿ ಮತಗಟ್ಟೆಗೆ ಬಾರದ ಮತದಾರರ ಸಂಖ್ಯೆ ಸುಮಾರು 1.29 ಕೋಟಿ. ಗೆಲವಿನ ಅಂತರಕ್ಕೆ ಇದು ಹತ್ತರಷ್ಟು!

ಇದು ಬ್ರಿಟನ್ನಿನ ಮಾತಾಯಿತು. ಎರಡನೆಯ ಸಲ ಜನರನ್ನು ನಿಜವಾಗಿಯೂ ಕೇಳಿದ ದೇಶಗಳ ಅನುಭವವೇನು? ಊಹೆಗಿಂತ ಅನುಭವ ಮೇಲಾದುದರಿಂದ ಅದನ್ನು ನೋಡುವುದು ಯುಕ್ತ.

ಐರ್ಲೆಂಡಿನ ಜನರ ಮುಂದೆ 2001ರ ಜೂನ್ 7ರಂದು ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದವನ್ನು ಇಟ್ಟರು. ಶೇಕಡಾ 54ರಷ್ಟು ಮಂದಿ ಬೇಡವೆಂದರು. ಆದರೆ ಮತ ಹಾಕಿದವರೇ ನೂರಕ್ಕೆ ಮೂವತ್ತೈದು ಮಂದಿ. ಐರ್ಲೆಂಡಿನ ಸೈನಿಕ ತಾಟಸ್ಥ್ಯಕ್ಕೆ ಧಕ್ಕೆ ಬಾರದೆಂಬ ಘೋಷಣೆಯನ್ನು ಪಡೆದು ಸರಕಾರ 2002ರ ಅಕ್ಟೋಬರ್ 19ರಂದು ಪುನಃ ಕೇಳಿತು. ಈಗ ಶೇಕಡಾ 63ರಷ್ಟು ಮಂದಿ ಒಪ್ಪಿದರು. ಇದನ್ನು ಕೇಳಿದವರು ಜನ ಮನಸ್ಸು ಬದಲಿಸಿದರೆಂದೇ ಹೇಳುವರು. ಅಂಕಿಗಳನ್ನು ಬಿಡಿಸಿ ನೋಡಿ. ಬೇಡವೆಂದವರು ಮೊದಲ ಸಲ 5 ಲಕ್ಷ 29 ಸಾವಿರ, ಎರಡನೆಯ ಸಲ 5 ಲಕ್ಷ 34 ಸಾವಿರ. ಅವರ ಸಂಖ್ಯೆ ಇಳಿಯಲಿಲ್ಲ, ಸ್ವಲ್ಪ ಏರಿತು! ಬೇಕೆಂದವರು ಮಾತ್ರ 4 ಲಕ್ಷ 53 ಸಾವಿರದಿಂದ 9 ಲಕ್ಷ 6 ಸಾವಿರಕ್ಕೆ ಇಮ್ಮಡಿಯಾದರು. ಮೊದಲ ಸಲ ಮನೆಯಲ್ಲಿ ಕುಳಿತಿದ್ದವರು ಎರಡನೆಯ ಸಲ ಎದ್ದುಬಂದರು. ಅಲ್ಲಿ ಬದಲಾದುದು ಮನಸ್ಸಿಗಿಂತ ಹೆಚ್ಚಾಗಿ ಮತಗಟ್ಟೆಯ ಮುಂದಿನ ಸಾಲು.

ಡೆನ್ಮಾರ್ಕಿನ ಕಥೆ ಬೇರೆ. ಅಲ್ಲಿ 1992ರ ಜೂನ್ 2ರಂದು ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇಕಡಾ 50.7 ಮಂದಿ ತಿರಸ್ಕರಿಸಿದರು. ನೂರಕ್ಕೆ ಎಂಬತ್ತಮೂರು ಮಂದಿ ಮತ ಹಾಕಿದ್ದರಿಂದ ಆಲಸ್ಯದ ಮಾತೇ ಇಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಎಡಿನ್‌ಬರೊ ನಗರದಲ್ಲಿ ಕೂಡಿದ ನಾಯಕರು ಡೆನ್ಮಾರ್ಕಿಗೆ ನಾಲ್ಕು ವಿನಾಯಿತಿಗಳನ್ನು ಕೊಟ್ಟರು. ಒಂದೇ ನಾಣ್ಯ, ರಕ್ಷಣೆ, ನ್ಯಾಯ ಮತ್ತು ಒಳಾಡಳಿತ, ಒಕ್ಕೂಟದ ಪೌರತ್ವ ಎಂಬ ಈ ನಾಲ್ಕರಲ್ಲಿ ಡೆನ್ಮಾರ್ಕ್ ಹೊರಗೇ ಇರಬಹುದೆಂದಾಯಿತು. 1993ರ ಮೇ 18ರಂದು ಪುನಃ ಕೇಳಿದಾಗ ಶೇಕಡಾ 56.7 ಮಂದಿ ಒಪ್ಪಿದರು. ಇಲ್ಲಿ ಬದಲಾದುದು ಪ್ರಶ್ನೆ. ಆದರೂ ಎಲ್ಲರೂ ಸಮಾಧಾನ ತಾಳಲಿಲ್ಲ. ಆ ರಾತ್ರಿ ಕೋಪನ್‌ಹೇಗನ್ನಿನ ನಾರೆಬ್ರೊ ಬಡಾವಣೆಯಲ್ಲಿ ದೊಂಬಿ ಎದ್ದು, ಪೊಲೀಸರು ಗುಂಡು ಹಾರಿಸಿ, ಹಲವರು ಗಾಯಗೊಂಡರು. ಒಮ್ಮೆ ಬೇಡವೆಂದ ಮೇಲೆ ನಮ್ಮನ್ನು ಮತ್ತೇಕೆ ಕೇಳಿದಿರೆಂಬ ಸಿಟ್ಟು ಅದರ ಹಿಂದೆ ಇದ್ದಿತು.

ಎರಡನೆಯ ಸಲ ಕೇಳಿದರೆ ಜನ ಒಪ್ಪಿಯೇ ತೀರುವರೆಂದು ಭಾವಿಸುವವರು ನಾರ್ವೆಯನ್ನು ನೋಡಬೇಕು. 1972ರಲ್ಲಿ ಅಲ್ಲಿಯ ಜನ ಐರೋಪ್ಯ ಸಮುದಾಯವನ್ನು ಸೇರುವುದು ಬೇಡವೆಂದು ಶೇಕಡಾ 53.5ರಷ್ಟು ಮತದಿಂದ ಹೇಳಿದರು. ಇಪ್ಪತ್ತೆರಡು ವರ್ಷಗಳು ಕಳೆದು, 1994ರ ನವೆಂಬರಿನಲ್ಲಿ, ನೆರೆಯ ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳು ಆಗತಾನೆ ಒಪ್ಪಿದ ಮೇಲೆ ನಾರ್ವೆಯನ್ನು ಕೇಳಲಾಯಿತು. ಎರಡು ಸಲವೂ ಸರಕಾರ ಸೇರಬೇಕೆನ್ನುವ ಪಕ್ಷದಲ್ಲೇ ಇತ್ತು. ಶೇಕಡಾ 52.2ರಷ್ಟು ಜನ ಮತ್ತೆ ಬೇಡವೆಂದರು. ತಲೆಮಾರು ಬದಲಾದರೂ ಉತ್ತರ ಬದಲಾಗಲಿಲ್ಲ.

ಹಾಗಾದರೆ ಮನಸ್ಸು ನಿಜವಾಗಿ ಬದಲಾಗುವುದೇ ಇಲ್ಲವೆ? ಬದಲಾಗುತ್ತದೆ. ಅದಕ್ಕೆ ಎರಡು ಉದಾಹರಣೆಗಳನ್ನು ನಾವು ಕೊಡಬಯಸುತ್ತೇವೆ. ಎರಡೂ ಗೃಹಸ್ಥರ ಬಾಳಿಗೆ ಹತ್ತಿರವಾದುವು.

ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಕೊಡಬೇಕೆ ಎಂದು 1959ರ ಫೆಬ್ರುವರಿ 1ರಂದು ಕೇಳಿದಾಗ ಶೇಕಡಾ 67ರಷ್ಟು ಮತಗಳು ಬೇಡವೆಂದು ಬಿದ್ದುವು. ಮತ ಹಾಕಿದವರೆಲ್ಲರೂ ಗಂಡಸರೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ವೋ, ನ್ಯೂಶಾಟೆಲ್, ಜಿನೀವಾ ಮೊದಲಾದ ಪ್ರಾಂತಗಳು ತಂತಮ್ಮ ಮಟ್ಟದಲ್ಲಿ ಹೆಂಗಸರಿಗೆ ಹಕ್ಕು ಕೊಟ್ಟುವು. ಮನೆತನಗಳು ಒಡೆಯಲಿಲ್ಲ, ಅಡುಗೆಮನೆಗಳು ಬರಿದಾಗಲಿಲ್ಲ. ಇದನ್ನು ನೆರೆಯವರು ಕಣ್ಣಾರೆ ಕಂಡರು. 1971ರ ಫೆಬ್ರುವರಿ 7ರಂದು ಗಂಡಸರನ್ನೇ ಮತ್ತೆ ಕೇಳಿದಾಗ ಶೇಕಡಾ 65.7 ಮತಗಳು ಹೌದೆಂದು ಬಿದ್ದುವು. ಹನ್ನೆರಡು ವರ್ಷಗಳಲ್ಲಿ ದೇಶ ಪೂರಾ ತಿರುಗಿತು. ಭಯವನ್ನು ವಾದ ಕರಗಿಸಲಾರದು. ನೆರೆಮನೆಯ ಅನುಭವ ಕರಗಿಸಬಲ್ಲುದು.

ಎರಡನೆಯದು ಮತ್ತೆ ಐರ್ಲೆಂಡಿನದೇ. ಆ ದೇಶದ 1937ರ ಸಂವಿಧಾನ ವಿವಾಹವಿಚ್ಛೇದನವನ್ನು ನಿಷೇಧಿಸಿತ್ತು. ಗಂಡಹೆಂಡಿರು ಬೇರೆಯಾಗಿ ಎಷ್ಟು ವರ್ಷಗಳಾದರೂ ಕಾನೂನಿನ ಕಣ್ಣಿಗೆ ದಂಪತಿಗಳೇ. ಅವರಲ್ಲಿ ಯಾರೂ ಮರುಮದುವೆಯಾಗಿ ಸಂಸಾರ ಕಟ್ಟಿಕೊಳ್ಳುವಂತಿರಲಿಲ್ಲ. 1986ರ ಜೂನ್ 26ರಂದು ಈ ನಿಷೇಧವನ್ನು ತೆಗೆಯಬೇಕೆ ಎಂದು ಕೇಳಿದರು. ಮೊದಮೊದಲು ಒಪ್ಪುವಂತೆ ಕಂಡ ಜನ ಕಡೆಗೆ ಶೇಕಡಾ 63.5ರಷ್ಟು ಮತದಿಂದ ಬೇಡವೆಂದರು. ಕಾರಣ ಧರ್ಮವೊಂದೇ ಅಲ್ಲ. ಮೊದಲ ಹೆಂಡತಿಯ ಗತಿಯೇನು, ಹೊಲಮನೆ ಯಾರಿಗೆ ಸೇರುವುದು, ಎರಡನೆಯ ಸಂಸಾರ ಬಂದರೆ ಮೊದಲ ಮಕ್ಕಳ ಪಾಲೇನಾಗುವುದು ಎಂಬ ಆತಂಕ ಹಳ್ಳಿಯ ಹೆಂಗಸರಲ್ಲಿಯೂ ರೈತರಲ್ಲಿಯೂ ಬಲವಾಗಿತ್ತು. ಈ ಆತಂಕವನ್ನು ಅರಿಯಲು ನಮ್ಮ ಓದುಗರು ಐರ್ಲೆಂಡಿಗೆ ಹೋಗಬೇಕಾಗಿಲ್ಲ.

ಅಲ್ಲಿಯ ಸರಕಾರಗಳು ಈ ಭಯವನ್ನು ಮೌಢ್ಯವೆಂದು ಹೀಯಾಳಿಸಿ ಮರುವರ್ಷವೇ ಮತ್ತೆ ಮತದಾನಕ್ಕೆ ಹೊರಡಲಿಲ್ಲ. ಬೇರೆಯಾದ ದಂಪತಿಗಳ ಆಸ್ತಿ, ಜೀವನಾಂಶ, ಮಕ್ಕಳ ಪೋಷಣೆ ಇವುಗಳ ಬಗ್ಗೆ 1989ರಲ್ಲಿಯೂ 1995ರಲ್ಲಿಯೂ ಕಾನೂನುಗಳನ್ನು ಮಾಡಿದರು. ಆಮೇಲೆ, ಹಿಂದಿನ ಐದು ವರ್ಷಗಳಲ್ಲಿ ನಾಲ್ಕು ವರ್ಷ ಬೇರೆ ಇದ್ದಿರಬೇಕು, ಗಂಡ ಅಥವಾ ಹೆಂಡತಿಗೂ ಮಕ್ಕಳಿಗೂ ತಕ್ಕ ಏರ್ಪಾಡಾಗಿರಬೇಕು ಎಂಬ ಷರತ್ತುಗಳನ್ನು ಸಂವಿಧಾನದಲ್ಲಿಯೇ ಸೇರಿಸುವುದಾಗಿ ಹೇಳಿ 1995ರ ನವೆಂಬರ್ 24ರಂದು ಕೇಳಿದರು. ಒಟ್ಟು ಹದಿನಾರು ಲಕ್ಷಕ್ಕೂ ಮೀರಿದ ಮತಗಳಲ್ಲಿ ಕೇವಲ 9,114 ಮತಗಳ ಅಂತರದಿಂದ ಒಪ್ಪಿಗೆ ದೊರೆಯಿತು. ಎರಡು ಸಲವೂ ಮತ ಹಾಕಿದವರ ಪ್ರಮಾಣ ನೂರಕ್ಕೆ ಅರವತ್ತರ ಆಸುಪಾಸು. ಬೇಡವೆಂದವರು ಸುಮಾರು 9 ಲಕ್ಷ 35 ಸಾವಿರದಿಂದ 8 ಲಕ್ಷ 9 ಸಾವಿರಕ್ಕೆ ಇಳಿದರು. ಹೊಸ ಮತದಾರರೂ ಬಂದಿದ್ದರೆಂಬುದು ನಿಜ. ಆದರೂ ನೀಸ್ ಒಪ್ಪಂದದ ಮತದಾನಕ್ಕೂ ಇದಕ್ಕೂ ಇರುವ ಅಂತರ ಸ್ಪಷ್ಟವಾಗಿದೆ. ಇಲ್ಲಿ ಹಳೆಯ ಮತವೇ ಕರಗಿತ್ತು. 2019ರ ಮೇ ತಿಂಗಳಲ್ಲಿ ಆ ಕಾಲಾವಧಿಯ ಷರತ್ತನ್ನು ಸಂವಿಧಾನದಿಂದ ತೆಗೆಯಬೇಕೆ ಎಂದು ಕೇಳಿದಾಗ ಶೇಕಡಾ 82ರಷ್ಟು ಜನ ಒಪ್ಪಿದರು. 9,114 ಮತಗಳಿಂದ ಗೆದ್ದ ವಿಷಯ ಕಾಲು ಶತಮಾನದೊಳಗೆ ಬಹುಪಾಲು ಜನರ ಮಾತಾಯಿತು.

ಇವನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ನಮಗೆ ಕಾಣುವುದಿಷ್ಟು. ಎರಡನೆಯ ಸಲ ಉತ್ತರ ಬದಲಾದರೆ ಅದಕ್ಕೆ ಮೂರು ದಾರಿಗಳಿವೆ: ಮೊದಲು ಬಾರದವರು ಬರುವುದು, ಪ್ರಶ್ನೆಯೇ ಬೇರೆಯಾಗುವುದು, ಕಾಲವೂ ಅನುಭವವೂ ಮನಸ್ಸನ್ನು ಮಾಗಿಸುವುದು. ಒಂದೆರಡು ವರ್ಷಗಳಲ್ಲಿ ಮೊದಲಿನ ಎರಡು ನಡೆಯಬಲ್ಲುವು. ಮೂರನೆಯದಕ್ಕೆ ಆತುರ ಸಲ್ಲದು.

ಮತ್ತೆ ಕೇಳುವುದರ ವಿರುದ್ಧ ಹೇಳುವ ಮಾತುಗಳಲ್ಲಿಯೂ ಹುರುಳಿದೆ. ಫ್ರಾನ್ಸ್ 1992ರ ಸೆಪ್ಟೆಂಬರಿನಲ್ಲಿ ಅದೇ ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇಕಡಾ 51ರಷ್ಟು ಮತದಿಂದ ಒಪ್ಪಿತು. ಅಂತರ ತೀರ ಕಡಿಮೆಯೆಂದು ಅಲ್ಲಿ ಯಾರೂ ಮತ್ತೆ ಕೇಳಲಿಲ್ಲ. ಡೆನ್ಮಾರ್ಕ್ ಒಪ್ಪದಿದ್ದುದರಿಂದ ಮತ್ತೆ ಕೇಳಿದರು. ಬೇಡವೆಂದರೆ ಇನ್ನೊಮ್ಮೆ ಕೇಳುವುದು, ಬೇಕೆಂದರೆ ಅಲ್ಲಿಗೆ ಮುಗಿಸುವುದು ನ್ಯಾಯವಾಗಲಾರದು. ತನಗೆ ಬೇಕಾದ ಉತ್ತರ ಬರುವವರೆಗೆ ಮಗುವನ್ನು ಪ್ರಶ್ನಿಸುತ್ತಲೇ ಇರುವ ಉಪಾಧ್ಯಾಯನ ರೀತಿ ಅದು. ಬ್ರಿಟನ್ನಿನಲ್ಲಿ ಹೊರಬರಬೇಕೆಂದು ಮತ ಹಾಕಿದವರಲ್ಲಿ ಗಣಿಗಳೂ ಕಾರ್ಖಾನೆಗಳೂ ಮುಚ್ಚಿದ ಊರುಗಳ ಬಡವರು ಬಹುಮಂದಿ ಇದ್ದರು. ಎಷ್ಟೋ ವರ್ಷಗಳ ಬಳಿಕ ತಮ್ಮ ಒಂದು ಮತಕ್ಕೆ ಬೆಲೆ ಬಂದಿತೆಂದು ಅವರು ತಿಳಿದರು. ನಿಮಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರೆಂದು ಓದಿದವರು ಅವರಿಗೆ ಹೇಳಿದಾಗ ಆದ ನೋವು ಸಣ್ಣದಲ್ಲ. ಆ ನೋವೇ ಅವರ ಮತವನ್ನು ಇನ್ನಷ್ಟು ಗಟ್ಟಿಮಾಡಿತೆಂದು ನಮಗೆ ತೋರುತ್ತದೆ. ಅವಮಾನಗೊಂಡವನ ಮನಸ್ಸು ಬದಲಾಗುವುದಿಲ್ಲ.

ಅಂತೆಯೇ ಮತ್ತೆ ಕೇಳಲೇಬಾರದೆಂಬ ಹಟವೂ ತಪ್ಪು. ನಾಲ್ಕು ವರ್ಷ ವಯಸ್ಸಿನ ಅಂತರದಿಂದ ಹಕ್ಕು ತಪ್ಪಿದ ಮಕ್ಕಳು ತಮ್ಮ ಬಾಳನ್ನೆಲ್ಲ ಹಿರಿಯರ ಒಂದು ದಿನದ ಮತಕ್ಕೆ ಒಪ್ಪಿಸಬೇಕೆಂದರೆ ಅದು ಪ್ರಜಾಸತ್ತೆಯೆನ್ನಿಸದು. ನಮ್ಮ ಸಂವಿಧಾನದಲ್ಲಿ ರಾಷ್ಟ್ರೀಯ ಜನಮತಗಣನೆಗೆ ಅವಕಾಶವಿಲ್ಲವಾದರೂ ಐದು ವರ್ಷಕ್ಕೊಮ್ಮೆ ಚುನಾವಣೆಯಿದೆ. 1977ರಲ್ಲಿ ಇಂದಿರಾ ಗಾಂಧಿಯವರನ್ನು ಇಳಿಸಿದ ದೇಶವೇ 1980ರಲ್ಲಿ ಮತ್ತೆ ಕರೆದು ಕೂರಿಸಿತು. ಅದನ್ನು ಯಾರೂ ಮಾತಿಗೆ ತಪ್ಪಿದುದೆನ್ನಲಿಲ್ಲ.

ಆದುದರಿಂದ ಎರಡನೆಯ ಸಲ ಕೇಳುವವರು ಕೆಲವು ಕಟ್ಟುಗಳನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಉತ್ತರ ಹೌದಾಗಲಿ ಇಲ್ಲವಾಗಲಿ ಮತ್ತೆ ಕೇಳುವ ಅವಕಾಶ ಎರಡೂ ಪಕ್ಷಗಳಿಗೆ ಸಮನಾಗಿರಬೇಕು. ಮೊದಲ ಸಲ ಬೇಡವೆಂದವರ ಭಯವೇನೆಂದು ಅರಿತು ಅದಕ್ಕೆ ಪರಿಹಾರ ಮಾಡಿದ ಮೇಲೆಯೇ ಕೇಳಬೇಕು. ಮೊದಲ ತೀರ್ಮಾನದ ಫಲವನ್ನು ಜನ ಉಂಡು ನೋಡುವಷ್ಟು ಕಾಲ ಕೊಡಬೇಕು. ಐರ್ಲೆಂಡಿನ ವಿಚ್ಛೇದನದ ಮತದಾನ ಬಹುಮಟ್ಟಿಗೆ ಈ ಕಟ್ಟುಗಳೊಳಗೆ ನಡೆಯಿತು. ಆದುದರಿಂದಲೇ ಅಷ್ಟು ಕಿರಿದಾದ ಅಂತರವನ್ನೂ ಆ ದೇಶ ತಾಳಿಕೊಂಡಿತು.

ಬ್ರಿಟನ್ನಿನಲ್ಲಿ ಕೆಲವು ವರ್ಷಗಳಿಂದೀಚಿನ ಸಮೀಕ್ಷೆಗಳಲ್ಲಿ, ಹೊರಬಂದುದು ತಪ್ಪಾಯಿತೆನ್ನುವವರು ಸರಿಯಾಯಿತೆನ್ನುವವರಿಗಿಂತ ಸ್ಪಷ್ಟವಾಗಿ ಹೆಚ್ಚಾಗಿದ್ದಾರೆ. ಹಾಗಿದ್ದರೂ 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ಮರಳಿ ಒಕ್ಕೂಟ ಸೇರುವುದಿಲ್ಲವೆಂದೇ ತನ್ನ ಪ್ರಣಾಳಿಕೆಯಲ್ಲಿ ಹೇಳಿತ್ತು. ಬೇಸರವಾಗಿದೆಯೆಂದು ಸಮೀಕ್ಷೆಯವನ ಮುಂದೆ ಹೇಳುವುದು ಸುಲಭ. ಹಳೆಯ ಜಗಳವನ್ನೆಲ್ಲ ಇನ್ನೊಮ್ಮೆ ಮನೆಯೊಳಕ್ಕೆ ಕರೆದುಕೊಳ್ಳಲು ಸಿದ್ಧರೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬಾರದು. ಪಶ್ಚಾತ್ತಾಪವೂ ಮರುನಿರ್ಧಾರವೂ ಒಂದೇ ಅಲ್ಲ.

ದೂರದ ದೇಶಗಳ ಈ ಸಂಗತಿಗಳು ನಮ್ಮ ಸಂಘಸಂಸ್ಥೆಗಳಿಗೂ ಕುಟುಂಬಗಳಿಗೂ ಸಲ್ಲುವ ಪಾಠವೊಂದನ್ನು ಹೇಳುತ್ತವೆ. ಬಹುಮತದಿಂದ ಗೆದ್ದವರು ಸೋತವರ ಮಾತನ್ನು ಕಡೆಗಣಿಸಿದರೆ ಆ ತೀರ್ಮಾನಕ್ಕೆ ಆಯುಸ್ಸು ಕಡಿಮೆ. ಸೋತವರು ಗೆದ್ದವರನ್ನು ಮೂಢರೆಂದು ಜರೆದರೆ ಮನಸ್ಸು ಬದಲಾಗುವ ದಾರಿಯನ್ನು ತಾವೇ ಮುಚ್ಚಿದಂತೆ. ಮತ್ತೊಮ್ಮೆ ಕೇಳುವುದಕ್ಕೆ ಮೊದಲು, ಮೊದಲ ಸಲ ಹೇಳಿದುದನ್ನು ನಾವು ಕಿವಿಗೊಟ್ಟು ಕೇಳಿದೆವೆ ಎಂದು ವಿಚಾರಿಸಿಕೊಳ್ಳುವವರ ಪ್ರಶ್ನೆಗೆ ಮಾತ್ರ ಹೊಸ ಉತ್ತರ ದೊರೆತೀತು.